ನಾಟಕಶಾಲೆಯಲ್ಲಿ ವರಪರೀಕ್ಷೆ

ಕತ್ತಲೆಗೆ ಒಂದು ಉಪಕಾರಬುದ್ಧಿಯಿದೆ: ಅದರ ಮರೆಯಲ್ಲಿ ಗಂಡಸರು ನಿಶ್ಚಿಂತರಾಗಿ ಅಳಬಹುದು. ಯಾರದೋ ಮದುವೆಯಲ್ಲಿ ಹೆಣ್ಣೊಪ್ಪಿಸುವ ಹಾಡು ಕೇಳಿದರೂ ಕಣ್ಣು ತುಂಬಿಸಿಕೊಳ್ಳುವ ನನ್ನಂಥ ಅಶ್ರುಶೂರನಿಗೆ ಶಹಾಬಾದಿನ ಹಳೆಯ ನಾಟಕಶಾಲೆ ಹೇಳಿ ಮಾಡಿಸಿದ ಜಾಗವಾಗಿತ್ತು. ನಿಜಾಮರ ಆಳ್ವಿಕೆಯಲ್ಲಿ ಯಾರೋ ಕಲ್ಲಿನ ವ್ಯಾಪಾರಿ ಕಟ್ಟಿಸಿದ್ದಂತೆ. ಚಪ್ಪಡಿಯ ಗೋಡೆ, ತಗಡಿನ ಮಾಡು, ಒಂದು ಪಕ್ಕದಲ್ಲಿ ಹೆಂಗಸರಿಗೆ ಪರದೆ. ಉರ್ದು, ಮರಾಠಿ, ಕನ್ನಡದ ಕಂಪನಿಗಳೆಲ್ಲ ಅಲ್ಲಿ ಬೀಡುಬಿಟ್ಟು ಹೋಗಿದ್ದವು. ಮಳೆ ಬಂದರೆ ಮಾತ್ರ ತಗಡಿನದೇ ಮುಖ್ಯಪಾತ್ರ, ಉಳಿದವರೆಲ್ಲ ಮೂಕರು.

ಮೈಸೂರು ರಾಜ್ಯ ಇನ್ನೂ ಕರ್ನಾಟಕವಾಗಿರದ ಆ ದಿನಗಳಲ್ಲಿ ನನ್ನ ಮದುವೆಯ ಮಾತು ನಡೆದದ್ದೂ ಅಲ್ಲಿಯೇ. ನಾಲವಾರದ ಶಾಂತಾ ತನ್ನ ತಂದೆ ಮತ್ತು ಸೋದರತ್ತೆಯೊಂದಿಗೆ ರೈಲಿನಲ್ಲಿ ಬಂದಿದ್ದಳು. ನಾಟಕ ನೋಡುವುದು ನೆಪ. ಮಧ್ಯಂತರದಲ್ಲಿ ದೀಪ ಹತ್ತಿದಾಗ ಪರದೆ ಸರಿಸಿ ಹುಡುಗ ಹುಡುಗಿ ಪರಸ್ಪರ ನೋಡಿಕೊಳ್ಳಬೇಕೆಂಬುದು ಹಿರಿಯರ ಏರ್ಪಾಡು. ಗೆಳೆಯನ ಕೋಟು ತೊಟ್ಟು, ಗಾಂಭೀರ್ಯವನ್ನೂ ಎಲ್ಲಿಂದಲೋ ಕಡ ತಂದು ಕುಳಿತೆ. ಅಷ್ಟರಲ್ಲಿ ರಂಗದ ಮೇಲೆ ತಾಯಿಯೊಬ್ಬಳು ಮಗುವನ್ನು ಅಗಲಿದಳು, ನಾನು ಕರಗಿಹೋದೆ. ದೀಪ ಹತ್ತಿದಾಗ ವರಮಹಾಶಯ ಕೋಟಿನ ತೋಳಿಗೆ ಮೂಗೊರೆಸಿಕೊಳ್ಳುತ್ತಿದ್ದ.

“ನಾಟಕ ನೋಡಿ ಇಷ್ಟು ಅಳಾಂವ ನಾಳೆ ಸಂಸಾರ ಹೆಂಗ ಸಂಭಾಳಸ್ತಾನ? ಈ ಸಂಬಂಧ ಬ್ಯಾಡ,” ಎಂದು ಶಾಂತಾಳ ತಂದೆ ಎದ್ದೇಬಿಟ್ಟರು.

ಪರದೆಯ ಕಡೆಯಿಂದ ಅವಳ ದನಿ ಕೇಳಿತು: “ಅವ್ವ ಸತ್ತಾಗ ನಿನ್ನ ಕಣ್ಣಾಗ ಒಂದು ಹನಿ ನೀರು ಬರಲಿಲ್ಲಪ್ಪಾ. ನನಗ ಅಳಾಂವನೇ ಇರ್ಲಿ.”

ಅವರು ನನ್ನನ್ನೊಮ್ಮೆ ದಿಟ್ಟಿಸಿ, ಮೆಲ್ಲಗೆ ಕುಳಿತು, “ನಾಟಕ ಮುಗೀಲಿ, ಮಾತಾಡೋಣು,” ಎಂದರು.

ಮದುವೆಯಾಯಿತು. ನಾಟಕಶಾಲೆಗೆ ಮೊದಲು ಸಿನಿಮಾ ಬಂತು, ಆಮೇಲೆ ಬೀಗ ಬಂತು. ಕೊನೆಗೊಂದು ವರ್ಷ ಅದನ್ನು ಕೆಡವುತ್ತಾರೆಂಬ ಸುದ್ದಿ ಕೇಳಿ, ಮುದುಕರಾಗಿದ್ದ ಮಾವನವರು ನಾಲವಾರದಿಂದ ಒಬ್ಬರೇ ರೈಲು ಹತ್ತಿ ಬಂದರು. ಮೂವರೂ ಹೋದೆವು. ತಗಡು ಆಗಲೇ ಇಳಿದು, ಮಧ್ಯಾಹ್ನದ ಬಿಸಿಲು ನೇರವಾಗಿ ರಂಗದ ಮೇಲೆ ಸುರಿಯುತ್ತಿತ್ತು. ನಾನು ವಾಡಿಕೆಯಂತೆ ಕರವಸ್ತ್ರ ತೆಗೆದು ಸಿದ್ಧನಾದೆ. ಮಾವನವರು ಮಾತ್ರ ಹೆಂಗಸರ ಜಾಗಕ್ಕೆ ಹೋಗಿ, ಅಲ್ಲಿದ್ದ ಕಲ್ಲಿನ ಕಟ್ಟೆಯ ಮೇಲೆ ಅಂಗೈಯಿಟ್ಟು ನಿಂತರು.

“ಶಾಂತಾ, ನಿಮ್ಮವ್ವ ಇಲ್ಲೇ ಕುಂದರ್ತಿದ್ದಳು. ಆಕಿಗಿ ನಾಟಕ ಅಂದ್ರ ಭಾಳ ಜೀವ. ಮುಗಿದ ಮ್ಯಾಲ ನಾ ಹೊರಗ ಕಾಯ್ತಿದ್ದೆ. ಅತ್ತು ಅತ್ತು ಕಣ್ಣು ಕೆಂಪ ಮಾಡ್ಕೊಂಡು ಬರಾಕಿ. ನಾ ನಗ್ತಿದ್ದೆ. ನಿನಗ ವರ ಇಲ್ಲೇ ತೋರಸ್ಬೇಕಂತ, ಆಕಿ ಕುಂದರೋ ಜಾಗ ಅಂತನೇ ಹಟ ಹಿಡಿದಿದ್ದೆ.”

ಇಷ್ಟು ವರ್ಷ ಶಾಂತಾಳಿಗೆ ಇದು ತಿಳಿದಿರಲಿಲ್ಲ. ಅವಳು ತಂದೆಯನ್ನು ಕಟ್ಟೆಯ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕುಳಿತಳು. ಅವರನ್ನು ಎಬ್ಬಿಸಲು ಬರುತ್ತಿದ್ದ, ಕೆಡವುವ ಕೆಲಸದ ಮೇಸ್ತ್ರಿಗೆ ನಾನು ಸ್ವಲ್ಪ ತಾಳೆಂದು ದೂರದಿಂದಲೇ ಕೈಸನ್ನೆ ಮಾಡಿದೆ. ಆತ ಒಂದು ಗಳಿಗೆ ನೋಡಿ, ಆಳುಗಳನ್ನು ಊಟಕ್ಕೆ ಕಳಿಸಿದ.