ನೀರಿಲ್ಲದ ಹೊಳೆಯಲ್ಲಿ ಬಾಬಣ್ಣ

ನೀರೇ ಇಲ್ಲದ ಹೊಳೆಯಲ್ಲಿ ಮನುಷ್ಯನೊಬ್ಬ ಮುಳುಗಿದ್ದನ್ನು ನೋಡಿದ್ದೀರಾ? ಕಳೆದ ಭಾನುವಾರ ಮೂಡುಬಿದಿರೆಯಲ್ಲಿ ನಾನು ನೋಡಿದೆ. ಮುಳುಗಿಸಿದವನೂ ನಾನೇ.

ಕಾಲೇಜೊಂದರಲ್ಲಿ ವಿಜ್ಞಾನ ಪ್ರದರ್ಶನ. ಕತ್ತಲೆ ಕೋಣೆ, ಮೂರು ಗೋಡೆಯ ತುಂಬ ಹರಿಯುವ ಹೊಳೆಯ ಚಿತ್ರ, ಬಂಡೆಗೆ ಬಡಿಯದಂತೆ ದೋಣಿ ನಡೆಸುವ ಕಂಪ್ಯೂಟರ್ ಆಟ. ಕೀಬೋರ್ಡ್ ಇಲ್ಲ, ಮೌಸ್ ಇಲ್ಲ. ನಡುವೆ ನಿಂತು ಮೈ ವಾಲಿಸಿದರೆ ಸಾಕು, ಕ್ಯಾಮೆರಾ ನಮ್ಮನ್ನು ನೋಡಿಕೊಂಡು ದೋಣಿ ತಿರುಗಿಸುತ್ತದೆ. (ನಾನು ಎರಡು ಸಲ ಆಡಿದೆ. ವಯಸ್ಸು ಕೇಳಬೇಡಿ.)

ಜೊತೆಗೆ ನರಿಕೊಂಬಿನ ಬಾಬಣ್ಣ ಇದ್ದರು. ಎಷ್ಟೋ ವರ್ಷ ನೇತ್ರಾವತಿಯಲ್ಲಿ ಜನರನ್ನು ದೋಣಿಯಲ್ಲಿ ದಾಟಿಸಿದವರು. ಒಂದು ಮಳೆಗಾಲ ಅವರು ನಡೆಸುತ್ತಿದ್ದ ದೋಣಿ ಬಂಡೆಗೆ ಬಡಿದು ಮಗುಚಿತು. ಅದರಲ್ಲಿದ್ದ ಅವರ ತಂಗಿ ತೀರಿಹೋದಳು. "ನೀರಿನ ಸೆಳೆತ, ಯಾರೇನು ಮಾಡ್ಲಿಕ್ಕಾಗ್ತದೆ?" ಎಂದಿತು ಊರು. ಆ ಒಂದು ಮಾತು ಹಿಡಿದುಕೊಂಡೇ ಬಾಬಣ್ಣ ಬದುಕಿದ್ದರು. ದೋಣಿ ನಡೆಸುವ ಬಿದಿರಿನ ಜಲ್ಲೆಯನ್ನು ಮತ್ತೆ ಮುಟ್ಟಲಿಲ್ಲ.

"ಇದರಲ್ಲಿ ನೀರಿಲ್ಲ ಮಾರಾಯ್ರೆ, ಒಮ್ಮೆ ನಿಲ್ಲಿ" ಎಂದು ತಮಾಷೆಗೆ ನಾನೇ ದೂಡಿದೆ.

ಎಡಗಡೆ ಬಂಡೆ ಬಂತು. ಬಾಬಣ್ಣ ಕೈಯಲ್ಲಿಲ್ಲದ ಜಲ್ಲೆ ಹಿಡಿದು ಎಡಕ್ಕೆ ವಾಲಿ ಒತ್ತಿದರು. ಹೊಳೆಯಲ್ಲಿ ಹಾಗೆಯೇ, ಎಡಕ್ಕೆ ಜಲ್ಲೆ ಒತ್ತಿದರೆ ದೋಣಿ ಬಲಕ್ಕೆ ಸರಿಯುತ್ತದೆ. ಈ ಯಂತ್ರಕ್ಕೆ ಜಲ್ಲೆ ಗೊತ್ತಿಲ್ಲ. ಎಡಕ್ಕೆ ವಾಲಿದರೆ ಎಡಕ್ಕೇ. ದೋಣಿ ನೇರ ಬಂಡೆಗೆ! ಸಾಲಿನಲ್ಲಿದ್ದವರು ನಕ್ಕರು. ನಾನೂ ನಕ್ಕೆ.

ಮತ್ತೆ ನಿಂತರು. ಮತ್ತೆ ಬಂಡೆ. ಮೂರನೆಯ ಸಲವೂ.

"ಅಂಕಲ್, ನೀವು ಉಲ್ಟಾ ವಾಲ್ತಿದ್ದೀರಿ" ಎಂದರು ಅಲ್ಲಿದ್ದ ಲೆಕ್ಚರರ್ ಮೇಡಂ. ಪಾಪ, ಒಳ್ಳೆಯ ಮನಸ್ಸಿನಿಂದಲೇ.

 ಊರಲ್ಲಿ ಬಸ್ಸಿಳಿದ ಮೇಲೆ ಬಾಬಣ್ಣ ನನ್ನ ಕೈ ಹಿಡಿದರು.

"ಆ ದಿನವೂ ನಾನು ಹೀಗೇ ವಾಲಿದ್ದು. ಹಾಗಾದ್ರೆ ಅವಳನ್ನು ಕೊಂದದ್ದು ನಾನಾ?"

"ಅದು ಬರೀ ಆಟ ಬಾಬಣ್ಣ. ಮಾಡಿದವರಿಗೆ ದೋಣಿ ಗೊತ್ತಿಲ್ಲ."

"ಕಂಪ್ಯೂಟರಿಗೆ ತಪ್ಪುವುದುಂಟಾ? ನೀವೇ ಹೇಳಿದ್ದಲ್ವಾ?"

ಹೌದು, ಹೇಳಿದ್ದೆ. ತಾಲೂಕು ಕಚೇರಿಯ ಕೌಂಟರಿನಾಚೆ ಕೂತ ಗುಮಾಸ್ತ ನಾನು. ರೇಷನ್ ಕಾರ್ಡಿನಲ್ಲಿ ಹೆಸರು ತಪ್ಪಾಗಿದೆ ಎಂದು ಬಾಬಣ್ಣ ಬಂದಾಗ, "ಕಂಪ್ಯೂಟರಿಗೆ ತಪ್ಪುವುದಿಲ್ಲ, ನೀವೇ ತಪ್ಪು ಬರೆಸಿರಬೇಕು" ಎಂದು ಕಳಿಸಿದ್ದೆ. ಎಷ್ಟು ಜನರಿಗೆ ಹೀಗೆ ಹೇಳಿದ್ದೇನೋ! ಈಗ ನೆನೆದರೆ ನಾಚಿಕೆಯಾಗುತ್ತದೆ.

ಮೊನ್ನೆ ಬಾಬಣ್ಣ ಪಾಣೆಮಂಗಳೂರಿನಲ್ಲಿರುವ ತಂಗಿಯ ಗಂಡನ ಮನೆಗೆ ಹೋಗಿ, ತಪ್ಪು ನನ್ನದೇ ಎಂದು ಕೈಮುಗಿದರಂತೆ. ಇಷ್ಟು ವರ್ಷ ಚಾ ಕೊಟ್ಟು ಕೂರಿಸುತ್ತಿದ್ದ ಭಾವ ಬಾಗಿಲು ಹಾಕಿಕೊಂಡರಂತೆ.

ಆ ಬಾಗಿಲು ತಟ್ಟಿ "ತಪ್ಪಿದ್ದು ಯಂತ್ರ" ಎಂದರೆ, ಕಂಪ್ಯೂಟರಿಗೆ ತಪ್ಪುವುದಿಲ್ಲ ಎಂದು ಎಲ್ಲರಿಗೂ ಹೇಳಿದವನೇ ನಾನಾಗಿರುವಾಗ, ಯಾರು ನಂಬುತ್ತಾರೆ?