ಮಾಲೆ ತೆಗೆದಿಟ್ಟು ಕುಡಿದವನು

ನನ್ನ ತಮ್ಮ ಪ್ರಲ್ಹಾದ ಈಗ ಕುಡಿತ ಬಿಟ್ಟವರ ಸಭೆಗೆ ವಾರವಾರ ಹೋಗುತ್ತಾನೆ, ಡಾಕ್ಟರು ಕೊಟ್ಟ ಗುಳಿಗೆ ತಪ್ಪಿಸುವುದಿಲ್ಲ. ಎಲ್ಲರೂ ‘ವಿಠ್ಠಲನ ಕೃಪೆ’ ಅನ್ನುತ್ತಾರೆ. ವಿಠ್ಠಲನ ಮೇಲೆ ನನಗೇನೂ ಸಿಟ್ಟಿಲ್ಲ. ಸಿಟ್ಟಿರುವುದು ತಮ್ಮನ ಹೆಂಡತಿ ಇಂದೂನ ಮೇಲೆ.

ಪ್ರಲ್ಹಾದ ನಾವಿರುವ ಮರಾಠಿ ಊರಿನ ಸ್ವಾರಗೇಟ ಬಸ್‌ಸ್ಟ್ಯಾಂಡಿನ ಹತ್ತಿರದ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುತ್ತಾನೆ. ಮೊದಲು ಸಂಜೆ ಮಾತ್ರ ಕುಡಿಯುತ್ತಿದ್ದವನು ಬರಬರುತ್ತ ಬೆಳಿಗ್ಗೆಯೇ ಶುರುಮಾಡಿದ. ಇಲ್ಲದಿದ್ದರೆ ಕೈ ನಡುಗಿ ಸ್ಕ್ರೂ ಹಿಡಿಯಲಾಗುತ್ತಿರಲಿಲ್ಲ. ಡಾಕ್ಟರಿಗೆ ತೋರಿಸು ಎಂದು ಬಾಯಿ ಬಡಿದುಕೊಂಡೆ. ಇಂದೂ ಅವನನ್ನು ವಿಠ್ಠಲನ ಭಕ್ತರು ಹೋಗುವ ದೇಹೂಗೆ ಕರೆದೊಯ್ದು ಕೊರಳಿಗೆ ತುಳಸಿಮಾಲೆ ಹಾಕಿಸಿದಳು. ಮಾಲೆ ಹಾಕಿದವರು ದಾರೂ ಮುಟ್ಟುವಂತಿಲ್ಲ. ನಮ್ಮ ಭಕ್ತ ಏನು ಮಾಡಿದ? ಮಾಲೆ ತೆಗೆದು, ಕಣ್ಣಿಗೊತ್ತಿಕೊಂಡು, ಗೋಡೆಯ ಮೊಳೆಗೆ ತೂಗುಹಾಕಿ ಕುಡಿದ. ಬಾಯಿ ಮುಕ್ಕಳಿಸಿ ಮತ್ತೆ ಹಾಕಿಕೊಂಡ.

“ಮಾಲಿಗೆ ಮೈಲಿಗಿ ಆಗಗೊಟ್ಟಿಲ್ರಿ ಅಕ್ಕಾ,” ಅಂದಳು ಇಂದೂ, ಅದೂ ಹೆಮ್ಮೆಯಿಂದ! ತಲೆ ಚಚ್ಚಿಕೊಳ್ಳಬೇಕೆನಿಸಿತು.

ಹೋದ ಆಷಾಢ ಏಕಾದಶಿಗೆ ಅವಳು ಹಟ ಹಿಡಿದು ಅವನನ್ನು ಮನೆಯಲ್ಲೇ ಕೂಡಿಹಾಕಿದಳು, ಒಂದು ಹನಿಯೂ ಸಿಗದಂತೆ. ಮರುದಿನ ನಾನು ಹೋದಾಗ ಅವನು ಬೆವೆತು, ಗಡಗಡ ನಡುಗುತ್ತ, ಹಾಸಿಗೆಯ ಮೇಲೆ ಇಲ್ಲದ ಇರುವೆಗಳನ್ನು ಕೊಡವುತ್ತಿದ್ದ.

“ದೇವರು ಪರೀಕ್ಷಾ ಮಾಡ್ಲಿಕ್ಕತ್ತಾನ್ರಿ,” ಅಂದಳು ಇಂದೂ.

ದೇವರಿಗೆ ಬೇರೆ ಕೆಲಸವಿಲ್ಲವೇ? ಇಬ್ಬರೂ ಸೇರಿ ಅವನನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದೆವು.

ಇವರು ಕುಡಿಯುತ್ತಾರೆಯೇ ಎಂದು ಡಾಕ್ಟರಮ್ಮ ಮರಾಠಿಯಲ್ಲಿ ಕೇಳಿದರು. “ನಾಹೀ, ಮಾಳಕರೀ ಆಹೇತ,” ಅಂದಳು ಇಂದೂ. ಮಾಲೆ ಹಾಕಿದವರಂತೆ!

“ಸುಳ್ಳು!” ಎಂದು ಚೀರಿದೆ. ಡಾಕ್ಟರಮ್ಮ ನನ್ನನ್ನು ಸುಮ್ಮನಾಗಿಸಿದರು. ಕುಡಿತವೂ ಒಂದು ರೋಗ, ಔಷಧವಿದೆ, ನಾಚಿಕೆಪಡುವಂಥದ್ದೇನಿಲ್ಲ. ಆದರೆ ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ, ನಿಜ ಹೇಳಿ, ಅಂದರು. ಇಂದೂ ಅವನ ಕೊರಳಿನ ಮಾಲೆ ಸರಿಪಡಿಸತೊಡಗಿದಳು. ನನಗೆ ಅವಳನ್ನು ಹಿಡಿದು ಅಲುಗಾಡಿಸುವಷ್ಟು ಸಿಟ್ಟು, ಅದಕ್ಕಿಂತ ಹೆಚ್ಚು ಹೆದರಿಕೆ.

ಆಗ ಪ್ರಲ್ಹಾದನೇ ಬಾಯಿಬಿಟ್ಟ. ದಿನವಿಡೀ ಗಿರಾಕಿಗಳ ಜೊತೆ ಮರಾಠಿ ಮಾತಾಡುವವನಿಗೆ ಆ ಹೊತ್ತಿಗೆ ಬಂದದ್ದು ಕನ್ನಡ.

“ಕುಡೀತೀನ್ರಿ. ಬಿಡ್ಲಿಕ್ಕೆ ಆಗವಲ್ದು.”

ಡಾಕ್ಟರಮ್ಮನಿಗೆ ತಿಳಿಯಲಿಲ್ಲ. “ಕಾಯ್ ಮ್ಹಣಾಲೇ?” ಏನಂದರು ಎಂದು ಇಂದೂನನ್ನೇ ಕೇಳಿದರು.

ನಾನು ಬಾಯಿ ತೆರೆದೆ. ಇಂದೂ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಇನ್ನೊಂದು ಸುಳ್ಳು ಬಂತು ಅಂದುಕೊಂಡೆ.

“ಪಿತಾತ,” ಅಂದಳು ಇಂದೂ. ಗಂಡ ಅಂದದ್ದನ್ನೇ ಒಂದೂ ಬಿಡದೆ ಮರಾಠಿಯಲ್ಲಿ ಹೇಳಿದಳು. “ಸೋಡ್ತಾ ಯೇತ ನಾಹೀ.”