ದೊಡ್ಡವ್ವನ ಎಡಹುಬ್ಬು

ದೊಡ್ಡವ್ವನ ಬಲಹುಬ್ಬು ದೇವರು ಕೊಟ್ಟದ್ದು, ಎಡಹುಬ್ಬು ಕಾಡಿಗೆಯದು. ದಿನಾ ಬೆಳಿಗ್ಗೆ ಮುಖ ತೊಳೆದು, ಅಡುಗೆಮನೆಯ ಗೋಡೆಗೆ ಸಿಕ್ಕಿಸಿದ ಅಂಗೈಯಗಲದ ಕನ್ನಡಿಯ ಮುಂದೆ ನಿಂತು ಕಿರುಬೆರಳಿನಿಂದ ಅದನ್ನು ಬರೆದುಕೊಳ್ಳುತ್ತಿದ್ದಳು. ಎಷ್ಟು ವರ್ಷ ಬರೆದರೂ ಕೈ ಕುದುರಲಿಲ್ಲ. ಬಲಹುಬ್ಬಿಗಿಂತ ಅದು ಒಂದೆಳೆ ಮೇಲೆಯೇ ಇರುತ್ತಿತ್ತು. ಹೀಗಾಗಿ ಯಾರು ಏನೇ ಹೇಳಲಿ, ಅವಳು "ಹೌದೇನು? ಖರೇ ಅಂತೀಯೇನು?" ಎಂದು ಕೇಳುತ್ತಿರುವಂತೆ ಕಾಣುತ್ತಿತ್ತು. ಎಷ್ಟೋ ಸಲ ಅವಳ ಮನಸ್ಸಿನಲ್ಲಿ ಇದ್ದದ್ದೂ ಅದೇ.

ನಾನು ಕಾಖಂಡಕಿಯವಳು. ಟಿಕೋಟಾದ ಶಾಲೆಯಲ್ಲಿ ನೌಕರಿ ಸಿಕ್ಕು ಒಂದು ಕೋಣೆ ಹಿಡಿದಾಗ ನನಗೆ ಚಹಾ ಬಿಟ್ಟರೆ ಬೇರೆ ಅಡುಗೆ ಬರುತ್ತಿರಲಿಲ್ಲ. ವಿಜಯಪುರದ ರಸ್ತೆಗೆ, ಊರೆಲ್ಲ ದೊಡ್ಡವ್ವ ಎಂದು ಕರೆಯುತ್ತಿದ್ದ ಅವಳ ಖಾನಾವಳಿ. ಮುಂದಿನ ಊಟದ ಹಾಲಿನ ತುಂಬ ದ್ರಾಕ್ಷಿ ಗಾಡಿಯ ಡ್ರೈವರುಗಳು, ಒಣದ್ರಾಕ್ಷಿ ಶೆಡ್ಡಿನ ಆಳುಗಳು, ಕಚೇರಿಯವರು. ಅಷ್ಟು ಗಂಡಸರ ನಡುವೆ ಎಲ್ಲಿ ಕೂಡಲಿ ಎಂದು ಬಾಗಿಲಲ್ಲೇ ನಿಂತಿದ್ದೆ. ಒಳಗಿಂದ ದನಿ ಬಂತು.

"ಅಲ್ಲ್ಯಾಕ ನಿಂತೀರಿ ಅಕ್ಕೋರ? ಒಳಗ ಬರ್ರಿ. ಒಲಿ ಮುಂದ ಕೂತವರಿಗೆ ಮೊದಲನೇ ರೊಟ್ಟಿ."

ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಅನ್ನುತ್ತಾರೆ. ನಾನು ಶಾಲೆಯವಳು ಎಂದು ಅವಳಿಗೆ ಹೇಗೆ ತಿಳಿಯಿತೋ! ಅವತ್ತಿನಿಂದ ಆ ಅಡುಗೆಮನೆಯ ಮಣೆ ನನ್ನದಾಯಿತು.

ಆ ಅಡುಗೆಮನೆಯಲ್ಲಿ ಬೆಂಕಿಗೆ ಇದ್ದಷ್ಟು ಮರ್ಯಾದೆ ಮನುಷ್ಯರಿಗೂ ಇರಲಿಲ್ಲ. ಮುಚ್ಚಳವಿಲ್ಲದೆ ಪಾತ್ರೆ ಒಲೆ ಏರಿದರೆ ಸೊಸೆಯ ಕಥೆ ಮುಗಿಯಿತು. ಬೇಳೆ ಚೆನ್ನಾಗಿ ಕುದಿ ಹಿಡಿದ ಕೂಡಲೇ ದೊಡ್ಡವ್ವ ಪಾತ್ರೆಯನ್ನು ಇಳಿಸಿ, ಜೋಳದ ಹೊಟ್ಟು ತುಂಬಿದ ಕಟ್ಟಿಗೆ ಪೆಟ್ಟಿಗೆಯಲ್ಲಿಟ್ಟು, ಮೇಲೆ ಹಳೆಯ ಕೌದಿ ಹೊದಿಸಿಬಿಡುತ್ತಿದ್ದಳು. ಊಟದ ಹೊತ್ತಿಗೆ ಬೇಳೆ ತನ್ನ ಕಾವಿನಲ್ಲೇ ಬೆಂದು ಬೆಣ್ಣೆಯಾಗಿರುತ್ತಿತ್ತು. ಆ ಪೆಟ್ಟಿಗೆಯ ಹತ್ತಿರ ಯಾರಾದರೂ ಜೋರಾಗಿ ಮಾತಾಡಿದರೆ, "ಹಗೂರ್ಕ ಬೇ, ಬ್ಯಾಳಿ ಮಲಗೇತಿ!" ಎಂದು ಗದರುವಳು.

ಖಾನಾವಳಿ ಎಂದ ಮೇಲೆ ಮುಸುರೆ ಇದ್ದದ್ದೇ. ಮೊದಲು ಹಿಂದಿನ ಮನೆಯ ಮುದುಕರೊಬ್ಬರು ತಾಟಿನಲ್ಲಿ ಉಳಿದದ್ದನ್ನೆಲ್ಲ ತಮ್ಮ ಎಮ್ಮೆಗಳಿಗೆ ಒಯ್ಯುತ್ತಿದ್ದರು. ಅವರು ಎಮ್ಮೆ ಮಾರಿ ಮಗಳ ಮನೆಗೆ ಹೋದ ಮೇಲೆ ಅದು ಗಟಾರ ಸೇರತೊಡಗಿತು. ನಾಯಿ, ಹಂದಿ, ನಾತ, ಓಣಿಯವರ ಬೈಗುಳ. ದೊಡ್ಡವ್ವನನ್ನು ಬೈಗುಳ ಅಷ್ಟು ಬಾಧಿಸಲಿಲ್ಲ. "ರೊಟ್ಟಿ ಬಡದ ಕೈಲೇನ ಗಟಾರಕ್ಕ ಚೆಲ್ಲೂದು ಅಂದ್ರ ಜೀವಾ ತಡ್ಯೂದಿಲ್ರಿ ಅಕ್ಕೋರ," ಅಂದಿದ್ದಳು. ಕಳ್ಳಕವಟಗಿಯ ತವರಿನಲ್ಲಿ ಅವಳಣ್ಣ ಗೋಬರ್ ಗ್ಯಾಸು ಮಾಡಿಸಿದ್ದ. ಅವನನ್ನು ಕರೆಸಿ ಹಿತ್ತಲಲ್ಲಿ ತೊಟ್ಟಿ ಕಟ್ಟಿಸಿ, ಅದರ ಮೇಲೆ ಕಬ್ಬಿಣದ ಡ್ರಮ್ಮೊಂದನ್ನು ಬೋರಲು ಹಾಕಿಸಿದಳು. ಮೊದಲು ಸಗಣಿ, ಆಮೇಲೆ ದಿನದಿನದ ಮುಸುರೆ. ಗ್ಯಾಸು ತುಂಬಿದರೆ ಡ್ರಮ್ಮು ಮೇಲೇಳುತ್ತಿತ್ತು, ಉರಿದಂತೆ ಇಳಿಯುತ್ತಿತ್ತು.

ಒಲೆ ಹಚ್ಚುವ ಮೊದಲ ದಿನ ನಾನು ಅಲ್ಲೇ ಇದ್ದೆ. ದೊಡ್ಡವ್ವ ಗ್ಯಾಸಿನ ಚಾವಿ ತಿರುವಿದಳು, ತಿರುವಿದ ಮೇಲೆ ಕಡ್ಡಿಪೆಟ್ಟಿಗೆ ಹುಡುಕಲು ಹೋದಳು. ಬಂದು ಕಡ್ಡಿ ಗೀರಿದ್ದೇ ಭುಗ್ಗೆಂದಿತು. ಚೀರಿದವಳು ನಾನು. ಅವಳು ಕಣ್ಣು ಮುಚ್ಚಿಕೊಂಡು, ಮುಖದ ಮೇಲೆ ಸೆರಗು ಹಿಡಿದುಕೊಂಡು ಕೇಳಿದಳು, "ಒಲಿ ಹತ್ತೇತೇನು, ನೋಡ್ರಿ?"

ಹತ್ತಿತ್ತು. ಸುಟ್ಟ ರೆಪ್ಪೆಗೂದಲು, ಮುಂಗೂದಲು ಮತ್ತೆ ಬಂದವು, ಎಡಹುಬ್ಬು ಮಾತ್ರ ಬರಲಿಲ್ಲ. ಹೊಸ ಒಲೆಯದು ನೀಲಿ ಉರಿ, ಪಾತ್ರೆಯ ತಳಕ್ಕೆ ಮಸಿಯೇ ಹಿಡಿಯುತ್ತಿರಲಿಲ್ಲ. "ಹುಬ್ಬು ಸುಟ್ತು, ಬರಕೊಳ್ಳಾಕ ಒಂದೀಟು ಮಸಿನೂ ಕೊಡವಲ್ದು. ಎಂಥಾ ಜಿಪುಣ ಒಲಿ ಬೇ ಇದು!" ಎಂದು ನಕ್ಕು, ಎದುರಿನ ಕಿರಾಣಿ ಅಂಗಡಿಯಿಂದ ಕಾಡಿಗೆ ಡಬ್ಬಿ ತರಿಸಿಕೊಂಡಳು. "ಮೊದಲ ಕಡ್ಡಿ, ಆಮ್ಯಾಲ ಚಾವಿ" ಅನ್ನುವುದು ಅವತ್ತಿನಿಂದ ಅವಳ ಬಾಯಿಗೆ ಅಂಟಿಕೊಂಡ ಮಾತು. ವರ್ಗಾವಣೆಯ ಆದೇಶ ಕೈಗೆ ಬರುವ ಮೊದಲೇ ನಾನು ಕೋಣೆ ಖಾಲಿ ಮಾಡಲು ಹೊರಟಾಗಲೂ ಅದನ್ನೇ ಹೇಳಿದಳು. ಆದೇಶ ಕೊನೆಗೂ ಬರಲಿಲ್ಲ. ಈಗ ಅನ್ನಿಸುತ್ತದೆ, ಬಾರದಿದ್ದದ್ದೇ ನನ್ನ ಪುಣ್ಯ.

ಎದುರಿನ ಕಿರಾಣಿ ಅಂಗಡಿಯ ಮಾಲಕರು ಹೆಂಡತಿ ತೀರಿದ ಮೇಲೆ ಎರಡೂ ಹೊತ್ತು ಇಲ್ಲೇ ಉಣ್ಣುತ್ತಿದ್ದರು. ಹಣೆತುಂಬ ವಿಭೂತಿ, ಸಿಟ್ಟು ಮೂಗಿನ ತುದಿಯಲ್ಲಿ. ಒಂದು ಮಧ್ಯಾಹ್ನ ಕೈ ತೊಳೆಯಲು ಹಿತ್ತಲಿಗೆ ಹೋದವರು, ಸೊಸೆ ಮುಸುರೆಯ ಬಕೆಟ್ಟನ್ನು ತೊಟ್ಟಿಗೆ ಸುರಿಯುವುದನ್ನು ಕಂಡರು. ತೊಟ್ಟಿಯಿಂದ ಹೊರಟ ಪೈಪು ಅಡುಗೆಮನೆಗೆ ಹೋಗುವುದನ್ನೂ ಕಂಡರು. ಹಾಲಿಗೆ ಬಂದು ಎಲ್ಲರಿಗೂ ಕೇಳುವಂತೆ ಕೂಗಿದರು:

"ಇಷ್ಟು ದಿನಾ ನಮಗ ಮುಸುರಿ ಬೆಂಕಿಮ್ಯಾಲಿಂದು ಉಣಿಸ್ಯಾಳ್ರೋ ಈಕಿ!"

ಉಣ್ಣುತ್ತಿದ್ದವರು ಅರ್ಧಕ್ಕೆ ಎದ್ದರು. ಮರುದಿನ ಊಟದ ಹಾಲು ಭಣಭಣ. ಎಂಜಲು ಉರಿಸಿ ಮಾಡಿದ ಅಡುಗೆಯೂ ಎಂಜಲೇ ಎಂದು ಊರು ತೀರ್ಮಾನಿಸಿತ್ತು. ರೊಟ್ಟಿ ಬಡಿಯುವ ಹೆಣ್ಣುಮಕ್ಕಳು ಕೆಲಸವಿಲ್ಲದೆ ಒಬ್ಬರ ಮುಖ ಒಬ್ಬರು ನೋಡುತ್ತ ಕೂತರು. ದೊಡ್ಡವ್ವನ ಮಗನ ಲಾರಿ ಕೆಟ್ಟು ತಿಂಗಳಿನಿಂದ ಗ್ಯಾರೇಜಿನಲ್ಲಿತ್ತು. ಖಾನಾವಳಿ ಮುಚ್ಚಿದರೆ ಈ ಮನೆಗಳ ಒಲೆಗಳೆಲ್ಲ ಒಟ್ಟಿಗೇ ಆರುತ್ತಿದ್ದವು.

"ಅತ್ತೀ, ಬರೇ ಸಗಣಿ ಹಾಕತೇವಿ ಅಂತ ಹೇಳಿಬಿಡೂಣು," ಅಂದಳು ಸೊಸೆ. "ಸಗಣಿಗೆ ಯಾರೂ ಹೇಸೂದಿಲ್ಲ."

ಅದರಿಂದ ಕೆಲಸವಾಗುತ್ತಿತ್ತು ಎಂದು ನನಗೂ ಅನ್ನಿಸಿತ್ತು. ದೊಡ್ಡವ್ವನ ಎಡಹುಬ್ಬು ಇನ್ನಷ್ಟು ಮೇಲೇರಿತು.

"ಸುಳ್ಳ ಹೇಳಿ ತಾಟಿಗೆ ನೀಡಂತೀಯೇನ? ಅದಕ್ಕಿಂತ ಮುಸುರಿನ ಛಲೋ. ಆ ಒಲಿನೂ ಇರತೈತಿ, ಇದ್ದದ್ದು ಇದ್ದಂಗ ಹೇಳೂದೂ ಹೇಳತೇನಿ."

ಸೆರಗು ಸೊಂಟಕ್ಕೆ ಸಿಕ್ಕಿಸಿ ರಸ್ತೆ ದಾಟಿದಳು. ಸೋಪು ಕೊಳ್ಳುವ ನೆಪ ಮಾಡಿ ನಾನೂ ಹಿಂದೆ ಹೋದೆ. ಅಂಗಡಿಯ ಮುಂದೆ ಜನ ನಿಂತಿದ್ದರು.

"ಒಲಿ ಬದಲ ಮಾಡು, ಬರತೇನಿ," ಅಂದರು ಮಾಲಕರು, ತಕ್ಕಡಿಯಿಂದ ಕಣ್ಣು ಎತ್ತದೆ.

"ಯಾರ ಮುಸುರಿ ಅಂತ ಹೇಸತೀರಿ, ಅಣ್ಣಾರ? ಮೊನ್ನಿ ಅರ್ಧಾ ಅನ್ನ ಬಿಟ್ಟು ಎದ್ದವರು ನೀವು. ಆ ತೊಟ್ಟ್ಯಾಗ ದೊಡ್ಡ ಪಾಲು ನಿಮ್ದ ಐತಿ."

ಯಾರೋ ಕಿಸಕ್ಕನೆ ನಕ್ಕರು. ಮಾಲಕರ ಕಿವಿ ಕೆಂಪಾಯಿತು. ದೊಡ್ಡವ್ವ ನಗಲಿಲ್ಲ.

"ಮುಸುರಿ ಒಲಿ ಬ್ಯಾಡಂದ್ರ ಮುಸುರಿ ಬಿಡಬ್ಯಾಡ್ರಿ. ಬೇಕಾದಷ್ಟ ನೀಡಿಸಿಕೊಳ್ರಿ, ನೀಡಿಸಿಕೊಂಡಷ್ಟೂ ಉಣ್ರಿ. ಯಾರೂ ಬಿಡದಿದ್ರ ಆ ಒಲಿ ತಾನ ಆರತೈತಿ. ಆರಿದ ದಿನ ನಾನ ಕಾಯಿ ಒಡಸ್ತೇನಿ. ಅಲ್ಲೀತನಕ ನಿಮ್ಮ ರೊಟ್ಟಿ ಸಿಲಿಂಡರ್ ಮ್ಯಾಲ ಸುಡತೇನಿ. ಬರ್ರಿ."

ಇದನ್ನು ಅವರು ಪಂಥವೆಂದೇ ತಿಳಿದರು. ಆ ಒಲೆ ಆರಿಸಿಯೇ ತೀರುತ್ತೇನೆಂದು ಮರುದಿನ ಬಂದು ಹಾಲಿನ ನಟ್ಟನಡುವೆ ಕೂತರು. ತಮ್ಮ ತಾಟನ್ನು ರೊಟ್ಟಿಯ ಕೊನೆಯ ತುಣುಕಿನಿಂದ ಒರೆಸಿ ಉಂಡು, ಅಕ್ಕಪಕ್ಕದವರ ತಾಟುಗಳನ್ನು ನೋಡತೊಡಗಿದರು. ಯಾರಾದರೂ ಅನ್ನ ಬಿಟ್ಟು ಎದ್ದರೆ ಸಾಕು, "ಏ ತಮ್ಮಾ, ಕೂಡು! ಯಾರಿಗೆ ಬಿಟ್ಟಿ ಅದನ್ನ?" ಎಂದು ಅಬ್ಬರಿಸುತ್ತಿದ್ದರು. ಈ ತಮಾಷೆ ನೋಡಲೆಂದೇ ಬಿಟ್ಟುಹೋದ ಜನ ಒಬ್ಬೊಬ್ಬರಾಗಿ ಮರಳಿದರು. ಶೆಡ್ಡಿನ ಆಳುಗಳಂತೂ ಮಾಲಕರ ಮುಂದೆ ಖಾಲಿ ತಾಟು ಎತ್ತಿ ತೋರಿಸಿ ಹೋಗುತ್ತಿದ್ದರು. ಸೊಸೆ ಅನ್ನಕ್ಕಿಡುವ ಅಕ್ಕಿ ಕಡಿಮೆ ಮಾಡಿದಳು, ಒಲೆ ಉರಿಯುವ ಹೊತ್ತೂ ಕಡಿಮೆಯಾಯಿತು.

ಡ್ರಮ್ಮು ಇಳಿಯುತ್ತ ಹೋಯಿತು. ಒಂದು ದಿನ ನೀಲಿ ಉರಿ ಎರಡು ಸಲ ತೇಕಿ ಆರಿಹೋಯಿತು. ದೊಡ್ಡವ್ವ ಹೇಳಿದಂತೆ ಮಾಲಕರ ಕೈಯಿಂದಲೇ ಕಾಯಿ ಒಡೆಸಿ ಹಾಲಿನಲ್ಲಿ ಕೂತವರಿಗೆಲ್ಲ ಹಂಚಿದಳು. ತನ್ನ ಒಲೆ ಆರಿದ್ದಕ್ಕೆ ಅಷ್ಟು ಹಿಗ್ಗಿದವಳನ್ನು ನಾನು ಬೇರೆಲ್ಲೂ ಕಂಡಿಲ್ಲ. "ಸೋತದ್ದು ಯಾರು, ಗೆದ್ದದ್ದು ಯಾರು ದೊಡ್ಡವ್ವಾ?" ಎಂದು ಕೇಳಿದೆ. "ಅನ್ನ ಗೆದ್ದೈತಿ ಬಿಡ್ರಿ," ಅಂದಳು.

ಹಾಗಂತ ಸುಮ್ಮನೆ ಕೂಡುವ ಜಾತಿಯಲ್ಲ. ಮರುದಿನವೇ ಓಣಿಯ ಸಗಣಿ, ಸಂತೆಯಲ್ಲಿ ಉಳಿದ ಕಾಯಿಪಲ್ಲೆ, ಶೆಡ್ಡುಗಳಲ್ಲಿ ಆರಿಸಿ ಎಸೆದ ದ್ರಾಕ್ಷಿ ಎಲ್ಲ ತೊಟ್ಟಿಗೆ ಬರತೊಡಗಿದವು. ಡ್ರಮ್ಮು ಮತ್ತೆ ಎದ್ದಿತು. ತೊಟ್ಟಿಯಿಂದ ಹೊರಬಂದ ರಾಡಿಯನ್ನು ದ್ರಾಕ್ಷಿ ಬೆಳೆಯುವವರು ಗೊಬ್ಬರಕ್ಕೆಂದು ಬೇಡಿ ಒಯ್ದರು. ಒಮ್ಮೆ ಸಿಲಿಂಡರ್ ಮುಗಿದು ಸೊಸೆ ಗಾಬರಿಯಾಗಿದ್ದಾಗ ಮಾಲಕರು ಹಾಲಿನಿಂದಲೇ ಹೇಳಿದರು, "ಆ ಒಲಿಮ್ಯಾಲಿಂದ ಕೊಡವಾ. ಎಲ್ಲಾ ತಾಟೂ ನಾನ ನೋಡೇನಿ, ಮುಸುರಿ ಎಲ್ಲೈತಿ ಅದರಾಗ?" ದೊಡ್ಡವ್ವ ಒಂದು ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಕಳಿಸಿದಳು.

ಹೋದ ವರ್ಷ ದ್ರಾಕ್ಷಿ ಕೊಯ್ಯುವ ಸುಗ್ಗಿಯಲ್ಲಿ, ಬೆಳಗಿನ ಜಾವ ನಿದ್ದೆಯಲ್ಲೇ ದೊಡ್ಡವ್ವ ಹೋದಳು. ನಾನು ಓಡಿಹೋಗುವಷ್ಟರಲ್ಲಿ ಮೈ ತೊಳೆದು, ಇಳಕಲ್ಲ ಸೀರೆ ಉಡಿಸಿ, ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂಡಿಸಿದ್ದರು. ನೋಡಿದೆ, ಗುರುತು ಹತ್ತಲಿಲ್ಲ. ಯಾರ ಮೇಲೂ ಅನುಮಾನವಿಲ್ಲದ, ಯಾರನ್ನೂ ಏನೂ ಕೇಳದ, ಬರಿದಾದ ಮುಖ. ನೀರಿನಲ್ಲಿ ಎಡಹುಬ್ಬು ಹೋಗಿತ್ತು. ಇಷ್ಟು ವರ್ಷ ನನ್ನನ್ನು ಒಲೆಯ ಮುಂದೆ ಕೂಡಿಸಿ ಮೊದಲ ರೊಟ್ಟಿ ನೀಡಿದವಳನ್ನು ಈ ಮುಖದಲ್ಲಿ ಹೇಗೆ ಕಳಿಸಿಕೊಡುವುದು? ನನಗೆ ಅಳು ತಡೆಯಲಾಗಲಿಲ್ಲ.

ಕಾಡಿಗೆ ಡಬ್ಬಿಗೆಂದು ಸೊಸೆ ಕನ್ನಡಿಯ ಹಿಂದೆ ಕೈಯಾಡಿಸಿದಳು. ಡಬ್ಬಿ ಖಾಲಿ. ಮಸಿಯಾದರೂ ಸಿಕ್ಕೀತೆಂದು ನಾನು ಪಾತ್ರೆಗಳನ್ನು ಒಂದೊಂದಾಗಿ ತಿರುವಿ ನೋಡಿದೆ. ಎಲ್ಲವೂ ಬೆಳ್ಳಗೆ ಹೊಳೆಯುತ್ತಿದ್ದವು. ಆ ಅಳುವಿನಲ್ಲೂ ನಗು ಬಂತು.

ಯಾರು ಹೇಳಿದರೋ ಗೊತ್ತಿಲ್ಲ. ಮಾಲಕರು ಅಂಗಡಿಯ ಬಾಗಿಲು ತೆರೆದು, ಹೊಸ ಕಾಡಿಗೆ ಡಬ್ಬಿ ತಂದು ನನ್ನ ಕೈಗಿಟ್ಟರು. "ನೀವ ಬರೀರಿ ಅಕ್ಕೋರ," ಅಂದಳು ಸೊಸೆ. ನಾನು ಮುಂದೆ ಕೂತು ಕಿರುಬೆರಳಿಗೆ ಕಾಡಿಗೆ ಹಚ್ಚಿಕೊಂಡು, ಬಲಹುಬ್ಬನ್ನು ನೋಡಿ ನೋಡಿ ಅದಕ್ಕೆ ಸರಿಯಾಗಿ ಬರೆಯಲು ಹೊರಟೆ.

"ಹಂಗಲ್ರಿ ಅಕ್ಕೋರ," ಅಂದರು ಬಾಗಿಲಲ್ಲಿ ನಿಂತ ಮಾಲಕರು. "ಒಂದೀಟು ಮ್ಯಾಲ."

ಮೇಲೆ ಬರೆದೆ. ದೊಡ್ಡವ್ವ ಮತ್ತೆ ನಮ್ಮೆಲ್ಲರನ್ನೂ, ಖರೇ ಅಂತೀರೇನು ಎಂದು ಕೇಳುವ ಹಾಗೆ ನೋಡಿದಳು.